ಬೋಕಿಯ ಮೇಲೆ ಅಥೆನ್ಸ್: ಪ್ರಾಚೀನ ಗ್ರೀಸ್ ಪಾಠವನ್ನು ತರಗತಿಯಲ್ಲಿ ಮಾಡಿ ಕಲಿಯುವ ಬಗೆ

ಗ್ರೀಕ್ ನಾಗರಿಕತೆಯ ಪಾಠ ಹೆಚ್ಚಿನ ವಿದ್ಯಾರ್ಥಿಗಳಿಗೆ ನೆನಪಿನಲ್ಲಿ ಉಳಿಯುವುದು ಹೆಸರುಗಳ ಒಂದು ಸಾಲಾಗಿ: ಸೋಲನ್, ಕ್ಲೈಸ್ತೆನಿಸ್, ಪೆರಿಕ್ಲಿಸ್. ಪರೀಕ್ಷೆ ಮುಗಿದ ಮಾರನೇ ದಿನ ಅದೂ ಅಳಿಸಿಹೋಗುತ್ತದೆ. ಅಥೆನ್ಸಿನವರು ತಮ್ಮ ಪ್ರಜಾಪ್ರಭುತ್ವವನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದರು. ಮಡಕೆ ಚೂರು, ಕಂಚಿನ ಬಿಲ್ಲೆ, ನೀರಿನ ಗಡಿಯಾರ ಅವರ ಉಪಕರಣಗಳು. ಅವುಗಳಲ್ಲಿ ಒಂದನ್ನು, ಬೋಕಿ ಎಂಬ ಮಡಕೆ ಚೂರಿನ ಮೇಲೆ ಹೆಸರು ಬರೆದು ಒಬ್ಬನನ್ನು ಹತ್ತು ವರ್ಷ ಊರಿನಿಂದ ಹೊರಗಿಡುವ ಮತದಾನವಾದ ಆಸ್ಟ್ರಸಿಸಂ ಅನ್ನು, ತರಗತಿಯಲ್ಲಿ ಪೂರ್ತಿಯಾಗಿ ಮಾಡಿ ನೋಡಿದರೆ ಉಳಿದ ಪಾಠದ ಅರ್ಧ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಮೂರು ಪೀರಿಯಡ್ ಬೇಕು. ಅವು ಒಂದೇ ವಾರದಲ್ಲಿ ಬರಬಾರದು, ಯಾಕೆಂದು ಮುಂದೆ ಹೇಳಿದೆ. ಕೆಳಗಿನ ಲೆಕ್ಕವೆಲ್ಲ 45 ಮಂದಿಯ ತರಗತಿಗೆ.

ಮೊದಲು ಒಂದು ನಿಯಮ, ಇದರಲ್ಲಿ ಸಡಿಲಿಕೆ ಇಲ್ಲ. ಬೋಕಿಯ ಮೇಲೆ ತರಗತಿಯ ಯಾರ ಹೆಸರನ್ನೂ ಬರೆಯುವಂತಿಲ್ಲ, ತಮಾಷೆಗೂ ಇಲ್ಲ. ಒಬ್ಬರನ್ನು ಗುಂಪಿನಿಂದ ಹೊರಹಾಕುವ ಮತ ಇದು. ಸಹಪಾಠಿಯ ಹೆಸರು ಒಂದು ಚೂರಿನ ಮೇಲೆ ಬಂದರೂ ಇತಿಹಾಸ ಪಾಠ ಅಲ್ಲಿಗೆ ಮುಗಿದು ಬೇರೇನೋ ಶುರುವಾಗುತ್ತದೆ. ಇಲ್ಲಿ ಕಣದಲ್ಲಿರುವವರು ಅಥೆನ್ಸಿನ ಇಬ್ಬರು ನಾಯಕರೇ: ಥೆಮಿಸ್ಟೋಕ್ಲಿಸ್ ಮತ್ತು ಅರಿಸ್ಟೈಡಿಸ್. ವರ್ಷ ಕ್ರಿ.ಪೂ. 482.

ಬೋಕಿ ತಯಾರಿ

ಬಣ್ಣ, ಹೊಳಪು ಯಾವುದೂ ಇಲ್ಲದ ಸಾದಾ ಮಣ್ಣಿನ ಕುಂಡ ತೆಗೆದುಕೊಳ್ಳಿ. ಬಿರುಕು ಬಿಟ್ಟದ್ದಾದರೂ ನಡೆಯುತ್ತದೆ. 20 ಸೆಂ.ಮೀ. ಬಾಯಿಯ ಒಂದು ಕುಂಡದಿಂದ ಬರೆಯಲು ಬರುವಂಥ 12ರಿಂದ 15 ಚೂರು ಸಿಗುತ್ತವೆ. ತಲಾ ಒಂದು, ಜೊತೆಗೆ ಕೆಟ್ಟುಹೋಗುವುದಕ್ಕೆ 15 ಎಂದು ಹಿಡಿದರೆ 60 ಚೂರು, ಅಂದರೆ ಐದು ಕುಂಡ.

ಒಡೆಯುವ ಕೆಲಸ ದೊಡ್ಡವರದ್ದು. ಕುಂಡವನ್ನು ದಪ್ಪ ಗೋಣಿಚೀಲದೊಳಗಿಟ್ಟು, ಬಾಯಿ ಕಟ್ಟಿ, ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ. ಹೊಟ್ಟೆಯ ಭಾಗಕ್ಕೆ ಸುತ್ತಿಗೆಯಿಂದ ಹಗುರಾಗಿ ನಾಲ್ಕೈದು ಏಟು ಸಾಕು. ಒಂದೇ ಏಟಿಗೆ ಮುಗಿಸಲು ಹೋದರೆ ಅರ್ಧ ಕುಂಡ ಪುಡಿಯಾಗುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಶೂ ಇರಲಿ. ಅಂಗೈಯಗಲದ, ಅಂದರೆ 6ರಿಂದ 8 ಸೆಂ.ಮೀ. ಚೂರುಗಳನ್ನು ಆರಿಸಿ, ಅಂಚುಗಳನ್ನು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಿ. ತಳದ ದಪ್ಪ ಚೂರುಗಳನ್ನು ಬಿಸಾಡಬೇಡಿ, ಮುಂದೆ ಬೇಕಾಗುತ್ತವೆ.

ಅಥೆನ್ಸಿನಲ್ಲಿ ಸಿಕ್ಕ ಬೋಕಿಗಳಲ್ಲಿ ಹಲವು ಕಪ್ಪು ಮೆರುಗಿನ ಪಾತ್ರೆಗಳವು. ಮೆರುಗನ್ನು ಗೀರಿದಾಗ ಕೆಳಗಿನ ಕೆಂಪು ಮಣ್ಣು ಕಂಡು ಅಕ್ಷರ ಎದ್ದು ನಿಲ್ಲುತ್ತದೆ. ಈ ಪರಿಣಾಮ ಬೇಕಿದ್ದರೆ ಉಬ್ಬಿದ ಹೊರಮೈಗೆ ಕಪ್ಪು ಪೋಸ್ಟರ್ ಬಣ್ಣವನ್ನು ತೆಳ್ಳಗೆ ಎರಡು ಸಲ ಹಚ್ಚಿ ಒಂದು ರಾತ್ರಿ ಒಣಗಿಸಿ. ದಪ್ಪಗೆ ಒಂದೇ ಸಲ ಬಳಿದರೆ ಮೊಳೆ ತಾಗಿದ ಕಡೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ, ಗೆರೆಯ ಅಂಚು ಮಸುಕಾಗುತ್ತದೆ.

ಅಕ್ಷರ: ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ

ಗ್ರೀಕ್ ಲಿಪಿಯ 24 ಅಕ್ಷರಗಳನ್ನು ಇಂಗ್ಲಿಷ್ ಮೂಲಕ ಕಲಿಯಲು ಹೊರಟವರು ಥೀಟಾ, ಫೈ, ಖೈ ಎಂಬ ಮೂರರ ಹತ್ತಿರ ತಡವರಿಸುತ್ತಾರೆ. ಅವು ಮಹಾಪ್ರಾಣಗಳು. ತ-ಥ, ಪ-ಫ, ಕ-ಖ ಎಂಬ ನಮ್ಮ ಭೇದವೇ ಆ ಕಾಲದ ಅಥೆನ್ಸಿನ ಮಾತಿನಲ್ಲೂ ಇತ್ತು. ಫೈ ಅಕ್ಷರವನ್ನು 'ಫ್ಯಾನ್' ಪದದ ಫಕಾರದಂತೆ ಅಲ್ಲ, 'ಫಲ' ಪದದ ಮಹಾಪ್ರಾಣವಾಗಿ ಉಚ್ಚರಿಸಿ. ಹಾಗೆಯೇ ಎಪ್ಸಿಲಾನ್ ಅಂದರೆ ಎ, ಈಟಾ ಅಂದರೆ ಏ. ಓಮಿಕ್ರಾನ್ ಅಂದರೆ ಒ, ಓಮೆಗಾ ಅಂದರೆ ಓ. ಹ್ರಸ್ವ ದೀರ್ಘಕ್ಕೆ ಬೇರೆ ಬೇರೆ ಅಕ್ಷರ ಯಾಕೆ ಎಂದು ಕನ್ನಡ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಕ್ರಿ.ಪೂ. 482ರ ಬೋಕಿಗೆ ಈಟಾ, ಓಮೆಗಾ ಬಳಸಬೇಡಿ. ಪುಸ್ತಕದಲ್ಲಿ ಅಚ್ಚಾಗಿರುವ ಲಿಪಿ ಸಮುದ್ರದಾಚೆಯ ಗ್ರೀಕ್ ಪ್ರದೇಶ ಅಯೋನಿಯಾದ್ದು. ಅಥೆನ್ಸ್ ಅದನ್ನು ಸರಕಾರಿ ಬರಹಕ್ಕೆ ಒಪ್ಪಿಕೊಂಡದ್ದು ಕ್ರಿ.ಪೂ. 403-402ರಲ್ಲಿ. ಅದಕ್ಕೆ ಮೊದಲಿನ ಹಳೆಯ ಅಥೆನ್ಸ್ ಲಿಪಿಯಲ್ಲಿ ಎ-ಏ ಎರಡಕ್ಕೂ ಎಪ್ಸಿಲಾನ್, ಒ-ಓ ಎರಡಕ್ಕೂ ಓಮಿಕ್ರಾನ್. ಈಟಾದ ಆಕಾರವನ್ನು ಹಕಾರದ ಸದ್ದಿಗೆ ಇಟ್ಟುಕೊಂಡಿದ್ದರು. ಲ್ಯಾಂಬ್ಡಾ ಕೂಡ ಪುಸ್ತಕದಲ್ಲಿರುವ ಹಾಗೆ ತುದಿ ಮೇಲಿರುವ ಇಳಿಜಾರು ಚಾವಣಿಯ ಆಕಾರದಲ್ಲಿ ಇರಲಿಲ್ಲ. ಒಂದು ನೇರ ಗೆರೆ, ಅದರ ಬುಡದಿಂದ ಬಲಕ್ಕೆ ಮೇಲೇಳುವ ಒಂದು ಗಿಡ್ಡ ಗೆರೆ, ಅಷ್ಟೆ. ಥೀಟಾ ಎಂದರೆ ವೃತ್ತದೊಳಗೆ ಅಡ್ಡ-ಉದ್ದ ಗೆರೆಯ ಶಿಲುಬೆ ಅಥವಾ ಒಂದು ಚುಕ್ಕೆ.

ಬೋಕಿಯ ಮೇಲೆ ಹೆಸರು, ಅದರ ಕೆಳಗೆ ಅಪ್ಪನ ಹೆಸರು. ಹಳೆಯ ಲಿಪಿಯಲ್ಲಿ ಥೆಮಿಸ್ಟೋಕ್ಲಿಸ್‌ಗೆ 11 ಅಕ್ಷರ: ಥೀಟಾ, ಎಪ್ಸಿಲಾನ್, ಮ್ಯೂ, ಅಯೋಟಾ, ಸಿಗ್ಮಾ, ಟಾವ್, ಓಮಿಕ್ರಾನ್, ಕಪ್ಪಾ, ಲ್ಯಾಂಬ್ಡಾ, ಎಪ್ಸಿಲಾನ್, ಸಿಗ್ಮಾ. ಅಪ್ಪ ನಿಯೋಕ್ಲಿಸ್, 'ನಿಯೋಕ್ಲಿಸನ ಮಗ' ಎಂಬ ರೂಪಕ್ಕೆ 8: ನ್ಯೂ, ಎಪ್ಸಿಲಾನ್, ಓಮಿಕ್ರಾನ್, ಕಪ್ಪಾ, ಲ್ಯಾಂಬ್ಡಾ, ಎಪ್ಸಿಲಾನ್, ಓಮಿಕ್ರಾನ್, ಸಿಗ್ಮಾ. ಅರಿಸ್ಟೈಡಿಸ್‌ಗೆ 10: ಆಲ್ಫಾ, ರೋ, ಅಯೋಟಾ, ಸಿಗ್ಮಾ, ಟಾವ್, ಎಪ್ಸಿಲಾನ್, ಅಯೋಟಾ, ಡೆಲ್ಟಾ, ಎಪ್ಸಿಲಾನ್, ಸಿಗ್ಮಾ. ಅವನಪ್ಪ ಲೈಸಿಮ್ಯಾಕಸ್; ಬೋಕಿಯಲ್ಲಿ ಲ್ಯಾಂಬ್ಡಾ, ಉಪ್ಸಿಲಾನ್, ಸಿಗ್ಮಾ, ಅಯೋಟಾ, ಮ್ಯೂ, ಆಲ್ಫಾ, ಖೈ, ಓಮಿಕ್ರಾನ್.

ಈಗ ಕೈಗೆ ಮೊಳೆ. 7 ಸೆಂ.ಮೀ. ಚೂರಿನಲ್ಲಿ 11 ಅಕ್ಷರ ಹಿಡಿಯಬೇಕಾದರೆ ಒಂದೊಂದಕ್ಕೆ 6 ಮಿ.ಮೀ. ಮಾತ್ರ ಜಾಗ. ಮೊದಲ ಪ್ರಯತ್ನದಲ್ಲಿ ಹೆಚ್ಚಿನವರಿಗೆ ಎಂಟನೇ ಅಕ್ಷರದ ಹೊತ್ತಿಗೆ ಅಂಚು ಎದುರಾಗುತ್ತದೆ, ಉಳಿದದ್ದು ಕೆಳಗೆ ತಿರುಗುತ್ತದೆ. ಪರವಾಗಿಲ್ಲ, ಮೂಲದಲ್ಲೂ ಅಂಥವು ಬೇಕಾದಷ್ಟಿವೆ. ಮೊಳೆಯನ್ನು ತುದಿಗೆ ಹತ್ತಿರ, ಪೆನ್ಸಿಲ್ ಹಾಗೆ ಹಿಡಿದು ಗೆರೆಯನ್ನು ನಿಮ್ಮ ಕಡೆಗೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಜಾರಿ ಚೂರು ಹಿಡಿದ ಬೆರಳಿಗೆ ತಾಗುತ್ತದೆ. ವೃತ್ತವನ್ನು ಒಂದೇ ಸುತ್ತಿನಲ್ಲಿ ಎಳೆಯಲು ಆಗುವುದಿಲ್ಲ; ನಾಲ್ಕರಿಂದ ಆರು ಗಿಡ್ಡ ಗೆರೆ ಸೇರಿಸಿ ಮಾಡಬೇಕು. ಕೆತ್ತಿದ ಗ್ರೀಕ್ ಬರಹದಲ್ಲಿ ಓಮಿಕ್ರಾನ್ ಎಷ್ಟೋ ಕಡೆ ಕೋನಕೋನವಾಗಿ ಕಾಣುವುದು ಯಾಕೆ ಎಂಬುದು ಆಗ ಕೈಗೇ ಗೊತ್ತಾಗುತ್ತದೆ. ಒಳಮೈಯ ತಗ್ಗಿನಲ್ಲಿ ಬರೆಯಲು ಹೋಗಬೇಡಿ, ಮೊಳೆ ನಡುವಿಗೇ ಜಾರಿ ಬರುತ್ತದೆ.

ಬುಡಕಟ್ಟು ಕಟ್ಟುವುದು

ಕ್ರಿ.ಪೂ. 508-507ರಲ್ಲಿ ಕ್ಲೈಸ್ತೆನಿಸ್ ಅಥೆನ್ಸಿನ ನಾಗರಿಕರನ್ನು 10 ಹೊಸ ಬುಡಕಟ್ಟುಗಳಾಗಿ ಹಂಚಿದ. ಪ್ರತಿಯೊಂದರಲ್ಲೂ ನಗರದ ಒಂದು ಪಾಲು, ಕರಾವಳಿಯ ಒಂದು ಪಾಲು, ಒಳನಾಡಿನ ಒಂದು ಪಾಲು. ಒಟ್ಟು 30 ತುಂಡು. ಇದನ್ನು ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ, ಬೆಂಚು ಬದಲಿಸಿದರೆ ಉಳಿಯುತ್ತದೆ. ತರಗತಿಯ ಮುಂದಿನ ಮೂರನೇ ಒಂದು ಭಾಗ ನಗರ, ನಡುವಿನದು ಕರಾವಳಿ, ಹಿಂದಿನದು ಒಳನಾಡು. ಒಂದೊಂದರಿಂದ ಮೂವರಂತೆ ಚೀಟಿ ಎತ್ತಿ ಒಂಬತ್ತು ಮಂದಿಯ ಐದು ಬುಡಕಟ್ಟು ಮಾಡಿ. ಹತ್ತು ಮಾಡಿದರೆ ಗುಂಪು ತೀರಾ ಚಿಕ್ಕದಾಗಿ ಒಳಗೊಳಗೆ ಚರ್ಚೆಯೇ ಹುಟ್ಟುವುದಿಲ್ಲ. ಹಿಂದಿನ ಬೆಂಚಿನ ಗೆಳೆಯರ ಗುಂಪು ಚದುರಿಹೋಯಿತು ಎಂದು ಯಾರಾದರೂ ಗೊಣಗಿದರೆ, ಕ್ಲೈಸ್ತೆನಿಸನ ಕೆಲಸದ ಫಲ ಅದೇ ಎಂದು ಅಲ್ಲೇ ಹೇಳಿ: ಹಳೆಯ ಕುಟುಂಬಗಳ ಸ್ಥಳೀಯ ಹಿಡಿತ ಹಾಗೆ ಸಡಿಲವಾಯಿತು.

ಮೊದಲ ಪೀರಿಯಡ್: ಬೆಳ್ಳಿಯನ್ನು ಏನು ಮಾಡುವುದು?

ಅಥೆನ್ಸಿಗೆ ಸೇರಿದ ಲಾರಿಯಾನ್ ಗಣಿಗಳಲ್ಲಿ ಬೆಳ್ಳಿಯ ದೊಡ್ಡ ನಿಕ್ಷೇಪ ಸಿಕ್ಕಿದೆ. ಹಣವನ್ನು ನಾಗರಿಕರಿಗೆ ಹಂಚಬೇಕೋ, ಯುದ್ಧದ ಹಡಗು ಕಟ್ಟಬೇಕೋ? ಥೆಮಿಸ್ಟೋಕ್ಲಿಸ್ ಹಡಗಿನ ಪರ. ನೆನಪಿಡಿ, ಅವನು ಜನರ ಮುಂದಿಟ್ಟ ಕಾರಣ ಪರ್ಷಿಯಾ ಅಲ್ಲ, ಎದುರುಗಡೆಯ ದ್ವೀಪ ಈಜೈನಾದ ಜೊತೆಗಿನ ಜಗಳ. ಚರ್ಚೆಯಲ್ಲಿ 'ಸಲಾಮಿಸ್‌ನಲ್ಲಿ ನಾವು ಗೆಲ್ಲುತ್ತೇವೆ' ಎಂದು ಯಾರೂ ಹೇಳುವಂತಿಲ್ಲ. ಪರ್ಷಿಯನ್ನರ ಎದುರಿನ ಆ ನೌಕಾಯುದ್ಧ ಇನ್ನೂ ಎರಡು ವರ್ಷ ಆಚೆ, ಕ್ರಿ.ಪೂ. 480ರಲ್ಲಿ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಮುಂದೇನಾಯಿತು ಎಂದು ಪುಸ್ತಕದಲ್ಲಿ ಓದಿರುತ್ತಾರಾದ್ದರಿಂದ ಎಲ್ಲರೂ ಹಡಗಿನ ಕಡೆ ವಾಲುತ್ತಾರೆ. ಹಂಚುವ ಪಕ್ಷಕ್ಕೆ ಗಟ್ಟಿ ವಾದ ಬೇಕೆಂದರೆ ಖರ್ಚಿನ ಲೆಕ್ಕ ಕೊಡಿ: ಟ್ರೈರೀಮ್ ಎಂಬ ಒಂದು ಯುದ್ಧದ ಹಡಗಿಗೆ 170 ಹುಟ್ಟು ಹಾಕುವವರು, ಒಟ್ಟು ಸುಮಾರು 200 ಮಂದಿ. ಹಡಗು ಕಟ್ಟಿದರೆ ಮುಗಿಯಲಿಲ್ಲ, ಇಷ್ಟು ಜನರಿಗೆ ಕೂಲಿ ಎಲ್ಲಿಂದ?

ಚರ್ಚೆಗೆ ಮೊದಲು ಹತ್ತು ನಿಮಿಷ ಒಂದು ಲೆಕ್ಕ ಮಾಡಿಸಿ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಪ್ರಕಾರ ತಲೆಗೆ 10 ಡ್ರಾಕ್ಮಾ (ಬೆಳ್ಳಿ ನಾಣ್ಯ) ಹಂಚುವ ಮಾತಿತ್ತು, ಬದಲಿಗೆ 200 ಹಡಗು ಕಟ್ಟಿದರು. 'ಅಥೆನ್ಸಿನ ಸಂವಿಧಾನ' ಎಂಬ ಅರಿಸ್ಟಾಟಲ್ ಪಂಥದ ಗ್ರಂಥದ ಪ್ರಕಾರ ಸಿಕ್ಕದ್ದು 100 ಟ್ಯಾಲೆಂಟ್, ಕಟ್ಟಿದ್ದು 100 ಹಡಗು. ಒಂದು ಟ್ಯಾಲೆಂಟ್ ಅಂದರೆ 6,000 ಡ್ರಾಕ್ಮಾ. ಹಾಗಾದರೆ 100 ಟ್ಯಾಲೆಂಟ್ 6,00,000 ಡ್ರಾಕ್ಮಾ. ಹೆರೊಡೋಟಸ್ ಬೇರೊಂದು ಕಡೆ ಅಥೆನ್ಸಿನವರ ಸಂಖ್ಯೆ 30,000 ಎನ್ನುತ್ತಾನೆ. ತಲೆಗೆ 10ರಂತೆ 3,00,000, ಅಂದರೆ 50 ಟ್ಯಾಲೆಂಟ್. ಎರಡು ಮೂಲ ತಾಳೆಯಾಗುವುದಿಲ್ಲ. ತಾಳೆ ಮಾಡಿಸಲು ಹೆಣಗಬೇಡಿ. 'ಇವನು ಹೀಗೆನ್ನುತ್ತಾನೆ, ಆ ಗ್ರಂಥ ಹಾಗೆನ್ನುತ್ತದೆ' ಎಂದು ಹೆಸರು ಹಿಡಿದು ಬರೆಯುವುದೇ ಸರಿಯಾದ ಉತ್ತರ.

ಸಭೆ ಶುರುವಾಗುವುದು ಸಾರುವವನ ಪ್ರಶ್ನೆಯಿಂದ: 'ಯಾರಿಗೆ ಮಾತಾಡಬೇಕಿದೆ?' ಕೈಯೆತ್ತಿದವರಿಗೆ ಅವಕಾಶ, ಕೊನೆಗೆ ಕೈಯೆತ್ತಿ ಮತ. ಫಲಿತಾಂಶವನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ಮತ್ತೆ ಬೇಕಾಗುತ್ತದೆ.

ನಡುವಿನ ಬಿಡುವು

ಆಸ್ಟ್ರಸಿಸಂ ಎರಡು ಹಂತದ್ದು. ವರ್ಷವನ್ನು ಹತ್ತು ಪ್ರಿಟನಿಗಳಾಗಿ, ಅಂದರೆ 35-36 ದಿನಗಳ ಅವಧಿಗಳಾಗಿ, ಹಂಚಿದ್ದರು. ಆರನೆಯದರಲ್ಲಿ 'ಈ ವರ್ಷ ಬೋಕಿ ಮತ ಬೇಕೇ?' ಎಂಬ ಒಂದೇ ಪ್ರಶ್ನೆ. ಬೇಕು ಎಂದಾದರೆ ಎಂಟನೆಯದರಲ್ಲಿ ಮತ. ಮೊದಲ ಪೀರಿಯಡ್‌ನ ಕೊನೆಗೆ ಈ ಪ್ರಶ್ನೆ ಕೇಳಿ, ನಂತರ ಒಂದು ವಾರ ಬಿಡಿ. ಆ ವಾರದಲ್ಲಿ ಕಾರಿಡಾರಿನಲ್ಲಿ ನಡೆಯುವ ಗುಸುಗುಸು, ಓಲೈಕೆ, ಬುಡಕಟ್ಟುಗಳ ಒಳ ಒಪ್ಪಂದ ಇವೆಲ್ಲ ಪಾಠದ ಭಾಗ. ಅದೇ ದಿನ ಮತ ಹಾಕಿಸಿದರೆ ಅದು ಬರೀ ಕರಕುಶಲ ತರಗತಿಯಾಗುತ್ತದೆ.

ಈ ವಾರದಲ್ಲೇ ಒಂದು ಬುಡಕಟ್ಟಿಗೆ ಮಾತ್ರ ಗುಟ್ಟಾಗಿ ಒಂದು ಕೆಲಸ ಕೊಡಿ. ಎತ್ತಿಟ್ಟ ತಳದ ಚೂರುಗಳ ಮೇಲೆ ಇಬ್ಬರೇ ಕೂತು ಥೆಮಿಸ್ಟೋಕ್ಲಿಸನ ಹೆಸರನ್ನು ಹತ್ತು ಸಲ ಬರೆದಿಡಲಿ. ಮತದ ದಿನ ಅವನ್ನು ಬೇರೆಯವರಿಗೆ 'ಬರೆದದ್ದಿದೆ, ಬೇಕಾ?' ಎಂದು ಹಂಚಲಿ.

ಎರಡನೇ ಪೀರಿಯಡ್: ಮತ

ಅಥೆನ್ಸಿನ ಸಂತೆ ಬಯಲಾದ ಅಗೋರಾದಲ್ಲಿ ಬೇಲಿ ಹಾಕಿದ ಆವರಣ, ಅದಕ್ಕೆ ಬುಡಕಟ್ಟಿಗೊಂದರಂತೆ ಹತ್ತು ಬಾಗಿಲು. ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಬಾಗಿಲಿನ ಆವರಣ ಬರೆಯಿರಿ. ಭಾಷಣ ಇಲ್ಲ, ಆರೋಪಪಟ್ಟಿ ಇಲ್ಲ, ಸಮರ್ಥನೆಯೂ ಇಲ್ಲ. ಬರಹ ಕಾಣದಂತೆ ಬೋಕಿಯನ್ನು ಕವುಚಿ ಹಿಡಿದು ಒಳಗೆ ಬಂದು ಹಾಕುವುದು, ಅಷ್ಟೇ.

ಐವರಿಗೆ 'ಅಕ್ಷರ ಬಾರದವನು' ಎಂಬ ಚೀಟಿ ಕೊಟ್ಟಿರಿ. ಅವರು ಬೇರೆಯವರಿಂದ ಬರೆಸಿಕೊಳ್ಳಬೇಕು. ಅರಿಸ್ಟೈಡಿಸನನ್ನು ಗುರುತಿಸದ ಒಬ್ಬ ಹಳ್ಳಿಗ ಅವನ ಕೈಗೇ ಬೋಕಿ ಕೊಟ್ಟು 'ಅರಿಸ್ಟೈಡಿಸ್ ಎಂದು ಬರೆದುಕೊಡು' ಎಂದನಂತೆ. ಅವನು ನಿನಗೇನು ಮಾಡಿದ ಎಂದು ಕೇಳಿದರೆ, ಏನೂ ಇಲ್ಲ, ಎಲ್ಲ ಕಡೆ 'ನ್ಯಾಯವಂತ' ಎಂದು ಕೇಳಿ ಕೇಳಿ ಬೇಸತ್ತಿದ್ದೇನೆ ಎಂಬ ಉತ್ತರ. ಅರಿಸ್ಟೈಡಿಸ್ ಸುಮ್ಮನೆ ತನ್ನ ಹೆಸರು ಬರೆದುಕೊಟ್ಟ. ಇದನ್ನು ಹೇಳುವವನು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್, ಬರೆದದ್ದು ಕ್ರಿ.ಶ. 100ರ ಆಸುಪಾಸು. ಎಷ್ಟು ವರ್ಷದ ಅಂತರ? 482ಕ್ಕೆ 100 ಕೂಡಿಸಿ 582 ಎಂದರೆ ತಪ್ಪು. ಕ್ರಿ.ಪೂ. 1ರ ನಂತರ ನೇರ ಕ್ರಿ.ಶ. 1, ನಡುವೆ ಸೊನ್ನೆ ವರ್ಷ ಇಲ್ಲವಾದ್ದರಿಂದ ಒಂದು ಕಳೆಯಬೇಕು: 581. ಕತೆ ಸೊಗಸಾಗಿದೆ, ಆದರೆ ಕಣ್ಣಾರೆ ಕಂಡವನ ಮಾತಲ್ಲ.

ಎಣಿಕೆಯಲ್ಲಿ ಕ್ರಮ ತಪ್ಪಬೇಡಿ. ಮೊದಲು ಹೆಸರು ನೋಡದೆ ಒಟ್ಟು ಬೋಕಿ ಎಣಿಸಬೇಕು. ಅಥೆನ್ಸಿನಲ್ಲಿ 6,000 ಇಲ್ಲದಿದ್ದರೆ ಮತವೇ ರದ್ದು ಎನ್ನುತ್ತಾನೆ ಪ್ಲುಟಾರ್ಕ್; 6,000 ಒಬ್ಬನ ವಿರುದ್ಧವೇ ಬೀಳಬೇಕಿತ್ತು ಎಂಬ ಇನ್ನೊಂದು ಹೇಳಿಕೆ ಅಥೆನ್ಸಿನ ಇತಿಹಾಸಕಾರ ಫಿಲೋಕೊರಸ್‌ನದು. ನೀವು ಮೊದಲನೆಯದನ್ನು ಹಿಡಿಯಿರಿ. 30,000ಕ್ಕೆ 6,000 ಎಂದರೆ ಐದರಲ್ಲಿ ಒಂದು, ಹಾಗಾಗಿ 45ಕ್ಕೆ 9 ಎಂದು ಇಟ್ಟರೆ ಕೋರಂ, ಅಂದರೆ ಕನಿಷ್ಠ ಮತಗಳ ಸಂಖ್ಯೆ, ಆಟಕ್ಕೇ ಬರುವುದಿಲ್ಲ. ನಿಮ್ಮ ಮತದಾರರೆಲ್ಲ ಒಂದೇ ಕೋಣೆಯಲ್ಲಿದ್ದಾರೆ. ಮ್ಯಾರಥಾನಿನ ರೈತ ಸುಮಾರು 40 ಕಿ.ಮೀ. ನಡೆದು ಬರಬೇಕಿತ್ತು. ಕೋರಂ 36 ಎಂದಿಡಿ, ಮತ ಹಾಕದಿರುವ ಹಕ್ಕನ್ನೂ ಕೊಡಿ. ಆಗ ಹತ್ತು ಮಂದಿ ಒಟ್ಟಾಗಿ ಸುಮ್ಮನಿದ್ದು ಇಡೀ ಮತವನ್ನೇ ಕೆಡವಬಹುದು ಎಂದು ಯಾರಿಗಾದರೂ ಹೊಳೆದೇ ಹೊಳೆಯುತ್ತದೆ.

ಹೆಚ್ಚು ಬೋಕಿ ಬಿದ್ದವನು ಹತ್ತು ದಿನದೊಳಗೆ ಹೊರಡಬೇಕು, ಹತ್ತು ವರ್ಷ ಹೊರಗಿರಬೇಕು. ಆಸ್ತಿ ಅವನದೇ, ಪೌರತ್ವವೂ ಅವನದೇ. ಉತ್ತರಪತ್ರಿಕೆಯಲ್ಲಿ 'ಅಪರಾಧಿಗಳಿಗೆ ಗಡೀಪಾರು ಶಿಕ್ಷೆ' ಎಂದು ಬರೆದರೆ ಇಡೀ ವ್ಯವಸ್ಥೆ ತಲೆಕೆಳಗಾಗುತ್ತದೆ. ಇಲ್ಲಿ ಅಪರಾಧವೂ ಇಲ್ಲ, ವಿಚಾರಣೆಯೂ ಇಲ್ಲ. 482ರಲ್ಲಿ ಹೊರಟವನು ಅರಿಸ್ಟೈಡಿಸ್. ಅವನು ಹಡಗಿನ ಯೋಜನೆಗೆ ಅಡ್ಡ ನಿಂತದ್ದರಿಂದಲೇ ಹೋದ ಎಂದು ಖಚಿತವಾಗಿ ಬರೆಯಬೇಡಿ. ಎರಡು ಘಟನೆ ಹತ್ತಿರ ಹತ್ತಿರ ನಡೆದದ್ದರಿಂದ ಇತಿಹಾಸಕಾರರು ಮಾಡುವ ಊಹೆ ಅದು. ಎರಡೇ ವರ್ಷದಲ್ಲಿ, ಪರ್ಷಿಯನ್ನರು ಬಂದಾಗ, ಅವನನ್ನು ವಾಪಸು ಕರೆಸಿದರು. ಕ್ರಿ.ಪೂ. 479ರಲ್ಲಿ ಪ್ಲಟೀಯಾ ಯುದ್ಧದಲ್ಲಿ ಅಥೆನ್ಸ್ ಪಡೆಯ ದಂಡನಾಯಕ ಅವನೇ. ಥೆಮಿಸ್ಟೋಕ್ಲಿಸನ ಸರದಿ 471ರ ಸುಮಾರಿಗೆ ಬಂತು. ಸಲಾಮಿಸ್ ಗೆಲ್ಲಿಸಿದವನು ಕಡೆಗೆ ಪರ್ಷಿಯಾದ ರಾಜನ ಆಶ್ರಯದಲ್ಲಿ ಸತ್ತ.

ಪೀರಿಯಡ್‌ನ ಕೊನೆಯ ಹತ್ತು ನಿಮಿಷ ಇಸ್ಪೀಟು ಕಟ್ಟಿಗೆ. ಎರಡು ಕಟ್ಟಿನಿಂದ 45 ಎಲೆ ಆರಿಸಿ, ಕಲಸಿ ಹಂಚಿ, ಅದರಲ್ಲಿ ಏಳು ಮಾತ್ರ ಕೆಂಪು. ಕೆಂಪು ಬಂದವರು ವಯಸ್ಕ ಗಂಡು ನಾಗರಿಕರು. ಉಳಿದವರು ಹೆಂಗಸರು, ಮಕ್ಕಳು, ಮೆಟಿಕ್ ಎಂದು ಕರೆಯುತ್ತಿದ್ದ ಹೊರಊರಿನ ನಿವಾಸಿಗಳು, ಗುಲಾಮರು. ಮತದಾರರು ಒಟ್ಟು ಜನಸಂಖ್ಯೆಯ ಹತ್ತರಲ್ಲಿ ಒಂದರಿಂದ ಐದರಲ್ಲಿ ಒಂದು ಪಾಲು ಎಂಬುದು ಸಾಮಾನ್ಯ ಅಂದಾಜು. ಈಗ ಆ ಏಳು ಮಂದಿ ಮಾತ್ರ ಬೆಳ್ಳಿಯ ಪ್ರಶ್ನೆಗೆ ಮತ್ತೆ ಕೈಯೆತ್ತಲಿ, ಮೂಲೆಯಲ್ಲಿ ಬರೆದಿಟ್ಟ ಫಲಿತಾಂಶದ ಪಕ್ಕಕ್ಕೆ ಇದನ್ನೂ ಬರೆಯಿರಿ. ಲಿಂಗ ನೋಡಿ ಪಾತ್ರ ಹಂಚಬೇಡಿ, ಎಲೆಯೇ ಹಂಚಲಿ. ಲಾರಿಯಾನ್ ಗಣಿಯೊಳಗೆ ಇಳಿದು ಆ ಬೆಳ್ಳಿ ತೆಗೆದವರು ಗುಲಾಮರು ಎಂಬುದನ್ನು ಈ ಹೊತ್ತಿಗೆ ಹೇಳಿದರೆ ಕೋಣೆ ಸ್ವಲ್ಪ ಮೌನವಾಗುತ್ತದೆ.

ಮೂರನೇ ಪೀರಿಯಡ್: ಬೋಕಿ ಓದುವುದು

ಎಲ್ಲ ಬೋಕಿಗಳನ್ನು ಮರಳಿನ ತೊಟ್ಟಿಯಲ್ಲಿ ಹೂತು, ಸಾಧ್ಯವಾದರೆ ಈ ಆಟ ಆಡದ ಬೇರೆ ತರಗತಿಯವರಿಂದ ಹೊರತೆಗೆಸಿ. ಅವರ ಕೆಲಸ ಹೆಸರು ಎಣಿಸುವುದಲ್ಲ, ಕೈಬರಹ ಗುರುತಿಸುವುದು. ಸಿಗ್ಮಾಕ್ಕೆ ಮೂರು ಗೆರೆಯೋ ನಾಲ್ಕೋ? ಥೀಟಾದೊಳಗೆ ಶಿಲುಬೆಯೋ ಚುಕ್ಕೆಯೋ? ಲ್ಯಾಂಬ್ಡಾದ ಗಿಡ್ಡ ಗೆರೆ ಯಾವ ಕೋನದಲ್ಲಿದೆ? ಈ ಮೂರು ಪ್ರಶ್ನೆಗೆ ಕೋಷ್ಟಕ ಹಾಕಿದರೆ ಇಬ್ಬರು ಬರೆದ ಆ ಹತ್ತು ಚೂರು ಹದಿನೈದು ನಿಮಿಷದಲ್ಲಿ ಬೇರೆಯಾಗುತ್ತವೆ. ಎಲ್ಲವೂ ತಳದ ಚೂರುಗಳೇ ಎಂಬುದು ಇನ್ನೊಂದು ಸುಳಿವು.

ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಒಂದು ಬಾವಿಯಲ್ಲಿ ಹೀಗೇ ಆಯಿತು. ಸುಮಾರು 190 ಬೋಕಿ, ಎಲ್ಲದರ ಮೇಲೂ ಥೆಮಿಸ್ಟೋಕ್ಲಿಸ್. ಕೈಬರಹ ಮಾತ್ರ ಸುಮಾರು 14 ಮಂದಿಯದು. ಹಲವು ಚೂರು ಕುಡಿಯುವ ಬಟ್ಟಲಿನ ಪಾದಗಳು. ಮೊದಲೇ ಬರೆದು ಹಂಚಲು ಇಟ್ಟವು ಎಂಬುದು ಬಹುಪಾಲು ವಿದ್ವಾಂಸರ ಓದು. ಅದು ಪಿತೂರಿಯೋ, ಅಕ್ಷರ ಬಾರದವರಿಗೆ ಮಾಡಿದ ಉಪಕಾರವೋ, ದುಡ್ಡಿಗೆ ಮಾರುವ ವ್ಯಾಪಾರವೋ ಎಂಬ ಪ್ರಶ್ನೆಯನ್ನು ತರಗತಿಗೆ ಬಿಡಿ. ಅಗೆದವರು ಗುಟ್ಟು ತಿಳಿದ ಬುಡಕಟ್ಟನ್ನು ಕೇಳುವ ಮೊದಲು ತಮ್ಮ ತೀರ್ಮಾನ ಬರೆದುಕೊಡಬೇಕು, ಇಲ್ಲದಿದ್ದರೆ ಉತ್ತರ ಮೊದಲೇ ಸೋರಿಹೋಗುತ್ತದೆ.

ನೀರಿನ ಗಡಿಯಾರ, ಸಮಯ ಉಳಿದರೆ

ಇದನ್ನು ಬೋಕಿ ಮತದ ಜೊತೆ ಬೆರೆಸಬೇಡಿ. ಕ್ಲೆಪ್ಸಿಡ್ರಾ ಎಂಬ ಈ ಗಡಿಯಾರ ನ್ಯಾಯಾಲಯದ ವಸ್ತು. ಅಗೋರಾದಲ್ಲಿ ಸಿಕ್ಕ ಒಂದು ಮಣ್ಣಿನ ಪಾತ್ರೆ 6.4 ಲೀಟರ್ ಹಿಡಿಯುತ್ತದೆ, ಸುಮಾರು 6 ನಿಮಿಷದಲ್ಲಿ ಖಾಲಿಯಾಗುತ್ತದೆ. 10 ಸೆಂ.ಮೀ. ವ್ಯಾಸದ, ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿಯ ಬುಡದಲ್ಲಿ 3 ಮಿ.ಮೀ. ತೂತು ಕೊರೆದು, ತೂತಿನಿಂದ 20 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದರೆ ನಿಮಗೂ ಹತ್ತಿರ ಹತ್ತಿರ 6 ನಿಮಿಷ ಸಿಗುತ್ತದೆ. ತೂತಿನ ಅಂಚು ಒರಟಾದರೆ ಸಮಯ ಏರುಪೇರಾಗುತ್ತದೆ, ಹಾಗಾಗಿ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಎಡವಟ್ಟಾಗುವುದು ಗುರುತು ಹಾಕುವಲ್ಲಿ. ಅರ್ಧ ನೀರು ಎಂದರೆ ಅರ್ಧ ಸಮಯ ಎಂದುಕೊಂಡು 10 ಸೆಂ.ಮೀ.ಗೆ ಗೆರೆ ಎಳೆಯುತ್ತಾರೆ. ನೀರಿನ ಮಟ್ಟ ಇಳಿದಂತೆ ಒತ್ತಡ ಇಳಿದು ಧಾರೆ ನಿಧಾನವಾಗುತ್ತದೆ. ಮೇಲಿನ ಅರ್ಧ ಒಟ್ಟು ಸಮಯದ 29 ಶೇಕಡಾದಲ್ಲೇ, ಅಂದರೆ ಸುಮಾರು ಒಂದೂಮುಕ್ಕಾಲು ನಿಮಿಷದಲ್ಲಿ, ಖಾಲಿ. ಗೆರೆ ಬೇಕೇ ಬೇಕು ಎಂದರೆ ಗಡಿಯಾರ ನೋಡಿಕೊಂಡು ನಿಮಿಷಕ್ಕೊಂದು ಹಾಕಿ. ಧಾರೆ ಕಡಿದು ತೊಟ್ಟಿಕ್ಕಲು ಶುರುವಾದ ಕ್ಷಣವೇ ಮುಕ್ತಾಯ ಎಂದು ಮೊದಲೇ ಒಪ್ಪಿಕೊಳ್ಳಿ. ಖಾಸಗಿ ಮೊಕದ್ದಮೆಗಳಲ್ಲಿ ಸಾಕ್ಷ್ಯ ಅಥವಾ ಕಾನೂನು ಓದುವಾಗ ನೀರು ನಿಲ್ಲಿಸುತ್ತಿದ್ದರು, ಆದ್ದರಿಂದ ತೂತಿಗೆ ಬೆರಳಿಡಲು ಒಬ್ಬರನ್ನು ನೇಮಿಸಿ, ಅವರ ಕೈಗೆ ಒಂದು ಒಣ ಬಟ್ಟೆಯನ್ನೂ ಕೊಡಿ.

ಮುಗಿದ ಮೇಲೆ ಬೋಕಿಗಳನ್ನು ಕಸಕ್ಕೆ ಹಾಕಬೇಡಿ. ಒಂದು ಚೀಲದಲ್ಲಿ ಕಟ್ಟಿಡಿ; ಮುಂದಿನ ವರ್ಷ ಅಗೆಯುವವರಿಗೆ ಬೇಕು. ತರಗತಿ, ದಿನಾಂಕ, ಕೋರಂ, ಫಲಿತಾಂಶ ಬರೆದ ಚೀಟಿಯನ್ನು ಮಾತ್ರ ಬೇರೆ ಕಡೆ ಇಟ್ಟಿರಿ.